ಕರ್ಮವೆಂದರೂ ವಂಶವಾಹಿಯೆಂದರೂ

ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರು ಒಂದು ಕಾಯಿಲೆಗೆ ಅಂಟಿಕೊಂಡು ಸುಮಾರು ಐವತ್ತು ವರ್ಷವಾಯಿತು. 1970ರ ದಶಕದ ನಡುವಿನಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳ ಜನ ಸೊಂಟ, ಮಂಡಿಯ ನೋವಿನಿಂದ ಬಾಗತೊಡಗಿದ್ದು ಹೊರಗಿನವರ ಕಣ್ಣಿಗೆ ಬಿತ್ತು. ತೊಡೆಮೂಳೆಯ ಮೇಲ್ತುದಿಯ ಗುಂಡು ಸೊಂಟದ ಬಟ್ಟಲಿನಲ್ಲಿ ನುಣ್ಣಗೆ ಹೊರಳಬೇಕು. ಈ ಕಾಯಿಲೆಯಲ್ಲಿ ಗುಂಡು ಚಪ್ಪಟೆಯಾಗುತ್ತದೆ, ಮೆದುಮೂಳೆ ಸವೆಯುತ್ತದೆ, ಮೂಳೆಗೆ ಮೂಳೆ ತಿಕ್ಕುತ್ತದೆ. ಕೆಲವರಲ್ಲಿ ಬೆನ್ನೆಲುಬಿನ ಮಣಿಗಳೂ ಚಪ್ಪಟೆಯಾಗುತ್ತವೆ. ಇನ್ನು ಕೆಲವರು ಎತ್ತರವೇ ಬೆಳೆಯುವುದಿಲ್ಲ. ಮಲೆನಾಡಿನ ಕೂಲಿಯೆಲ್ಲ ಸೊಂಟದ ಮೇಲೆಯೇ ನಿಂತದ್ದು. ನಾಟಿಯೆಂದರೆ ಕೆಸರಿನಲ್ಲಿ ದಿನವಿಡೀ ಬಗ್ಗಿರಬೇಕು. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರಬೇಕು. ಬಗ್ಗಲೂ ಕೂರಲೂ ಆಗದವರ ಮನೆಯಲ್ಲಿ ಒಲೆಯೂ ಸರಿಯಾಗಿ ಉರಿಯದು. ಹಾಗಾಗಿ ಅಲ್ಲಿ ಹುಟ್ಟುವ ಮೊದಲ ಪ್ರಶ್ನೆ ವೈದ್ಯರಿಗೆ ಕೇಳುವಂಥದ್ದಲ್ಲ. ನಮಗೇ ಯಾಕೆ ಇದು?

ಈ ‘ಯಾಕೆ’ಗೆ ಸಿಕ್ಕ ಉತ್ತರಗಳು ಬದಲಾಗುತ್ತ ಬಂದಿವೆ. ಮೊದಮೊದಲು ಅನುಮಾನ ಗದ್ದೆಯ ಏಡಿಯ ಮೇಲೆ ಬಿತ್ತು. ಹೊಸ ತಳಿಯ ಭತ್ತದ ಜೊತೆ ಬಂದ ಕೀಟನಾಶಕ ಏಡಿಯ ಮೈ ಸೇರಿ, ಅದನ್ನು ತಿಂದ ಬಡವರ ಮೂಳೆಗೆ ಇಳಿದಿರಬೇಕು ಎಂದು ಊಹಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ತನಿಖೆಗೆ ಇಳಿಯಿತು. 1994ರಲ್ಲಿ ಪ್ರಕಟವಾದ ಕ್ಷ-ಕಿರಣ ಅಧ್ಯಯನವೊಂದು ಇದನ್ನು ವಂಶಪಾರಂಪರ್ಯದ ಮೂಳೆದೋಷವೆಂದು ಗುರುತಿಸಿತು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅದು ಇಳಿಯುವ ಸಾಧ್ಯತೆ ನೂರಕ್ಕೆ ಐವತ್ತು. ಇಲ್ಲಿಗೆ ‘ಯಾಕೆ’ ಮುಗಿಯಿತೆಂದು ತೋರುತ್ತದೆ. ನನ್ನ ವಾದ ಇಷ್ಟೇ: ಕಾರಣ ತಿಳಿದ ಮಾತ್ರಕ್ಕೆ ಹೊಣೆಯ ಪ್ರಶ್ನೆ ತೀರುವುದಿಲ್ಲ. ಕರ್ಮ ಅನ್ನುವಾಗ ನಮ್ಮವರು ಮಾಡಿದ ತಪ್ಪನ್ನೇ ವಂಶವಾಹಿ ಅನ್ನುವಾಗಲೂ ಮಾಡುತ್ತಿದ್ದೇವೆ.

ಕರ್ಮದ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಸಾಗರದ ಪಕ್ಕದ ಹೊಸನಗರ ತಾಲ್ಲೂಕಿನ ಹೊಂಬುಜ ಶತಮಾನಗಳ ಜೈನಕ್ಷೇತ್ರ. ಮೂಳೆ ಕೀಲುಗಳ ಬಗ್ಗೆ ಜೈನ ಕರ್ಮಶಾಸ್ತ್ರದಷ್ಟು ನಿಖರವಾಗಿ ಯೋಚಿಸಿದ ಧರ್ಮಚಿಂತನೆ ಅಪರೂಪ. ದೇಹವನ್ನು ರೂಪಿಸುವ ನಾಮಕರ್ಮದಲ್ಲಿ ‘ಸಂಹನನ’ ಎಂಬ ಬಗೆಯೇ ಇದೆ. ಮೂಳೆಯ ಜೋಡಣೆ ಎಷ್ಟು ಗಟ್ಟಿ ಎಂಬುದನ್ನು ಅದು ನಿರ್ಧರಿಸುತ್ತದೆ. ವಜ್ರದಂಥ ಕಟ್ಟಿನ ವಜ್ರವೃಷಭನಾರಾಚದಿಂದ ಹಿಡಿದು ತೀರ ಸಡಿಲವಾದ ಕಟ್ಟಿನವರೆಗೆ ಆರು ವಿಧ. ಹಾಗಾದರೆ ಸಡಿಲ ಕೀಲಿನವನು ತಾನು ಮಾಡಿದ್ದನ್ನು ತಾನು ಉಣ್ಣುತ್ತಿದ್ದಾನೆ, ನಮಗೇನು ಎನ್ನಬಹುದೇ? ಅದೇ ಶಾಸ್ತ್ರ ಹಾಗೆನ್ನಲು ಬಿಡುವುದಿಲ್ಲ. ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ದಾನವಾಗಿ ಕೊಡಬೇಕೆಂದು ಅದು ಗೃಹಸ್ಥನಿಗೆ ವಿಧಿಸುತ್ತದೆ. ರೋಗ ಪೂರ್ವಕರ್ಮದ್ದೇ ಎಂದು ಒಪ್ಪಿಕೊಂಡವರೇ ಔಷಧ ಕೊಡುವುದನ್ನು ಧರ್ಮವೆಂದರು. ರೋಗಿಯ ಲೆಕ್ಕ ಬೇರೆ, ನೋಡುವವನ ಲೆಕ್ಕ ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ನಾವು ಈ ಎರಡು ಲೆಕ್ಕಗಳನ್ನು ಅನುಕೂಲಕ್ಕೆ ತಕ್ಕಂತೆ ಕಲಸುತ್ತೇವೆ. ಅನುಕೂಲಸ್ಥರ ಮಂಡಿ ಸವೆದರೆ ವಯಸ್ಸಾಯಿತು ಅನ್ನುತ್ತೇವೆ, ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಎಲ್ಲಿ ಚೆನ್ನಾಗಿ ಮಾಡುತ್ತಾರೆಂದು ವಿಚಾರಿಸುತ್ತೇವೆ. ಕೂಲಿಯವಳ ಸೊಂಟ ಸವೆದರೆ ಹಣೆಬರಹ ಅನ್ನುತ್ತೇವೆ. ಓದಿದವರಾದರೆ ‘ಜೀನ್ಸ್’ ಅನ್ನುತ್ತೇವೆ. ಎರಡೂ ಮಾತು ಬಾಗಿಲು ಮುಚ್ಚುವುದಕ್ಕೇ. ಅಲ್ಲದೆ, ಈ ಕಾಯಿಲೆ ಕೆಲವೇ ಜಾತಿಗಳಲ್ಲಿ ಉಳಿದದ್ದು ವಂಶವಾಹಿ ಒಂದರಿಂದಲೇ ಅಲ್ಲ. ವಂಶವಾಹಿಗೆ ಜಾತಿ ತಿಳಿಯದು. ಮದುವೆಯನ್ನು ಜಾತಿಯ ಬೇಲಿಯೊಳಗೆ ಕಟ್ಟಿಹಾಕಿದವರು ಮನುಷ್ಯರು. ಹಾಗಾಗಿ ಇದು ಯಾರ ಮನೆಯಲ್ಲಿ ಸುತ್ತಬೇಕು ಎಂಬುದರ ಗಡಿಯನ್ನು ಎಳೆದವರೂ ಅವರೇ.

ಇದಕ್ಕೆ ಆಕ್ಷೇಪಗಳಿವೆ. ಕರ್ಮವೆಂಬ ನಂಬಿಕೆ ನೋವುಣ್ಣುವವರಿಗೆ ಸಮಾಧಾನ ಕೊಡುತ್ತದೆ, ಅದನ್ನೇಕೆ ಕಸಿಯಬೇಕು ಎನ್ನಬಹುದು. ಕಸಿಯಬೇಕಿಲ್ಲ. ನೋವಿರುವವರು ತಮ್ಮ ಬಗ್ಗೆ ಆಡಿಕೊಂಡರೆ ಅದು ಸಮಾಧಾನ. ಅದೇ ಮಾತನ್ನು ಅವರ ಬಗ್ಗೆ ನಾವು ಆಡಿದರೆ ಅದು ತೀರ್ಪು. ಇನ್ನೊಂದು ಆಕ್ಷೇಪ ಹೆಚ್ಚು ಕಠಿಣ: ದೋಷ ಮಕ್ಕಳಿಗೆ ಇಳಿಯುವುದೆಂದು ಗೊತ್ತಿದ್ದೂ ಇಂಥವರು ಮದುವೆಯಾಗುವುದು ಸರಿಯೇ? ಸಾಧ್ಯತೆ ಎಷ್ಟೆಂದು ಅವರ ಭಾಷೆಯಲ್ಲಿ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ. ತೀರ್ಮಾನ ಮಾತ್ರ ಆ ದಂಪತಿಗಳದ್ದು. ಸಕ್ಕರೆ ಕಾಯಿಲೆಯ ಮನೆತನಗಳಿಗೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಬಡವರಿಗೆ ಮಾತ್ರ ಕೇಳುತ್ತೇವೆ ಎಂದಾದರೆ ನಮ್ಮ ಚಿಂತೆ ಮಗುವಿನದಲ್ಲ. ದೋಷವನ್ನೇ ಅಳಿಸುವ ಮದ್ದಿಲ್ಲದಿರುವಾಗ ಹೊಣೆಯ ಮಾತಿನಿಂದ ಏನು ಬಂತು ಎಂದೂ ಕೇಳಬಹುದು. ಮೂಳೆಯ ದೋಷ ಒಂದು, ಅದರಿಂದಾಗುವ ಕೈಲಾಗದ ಸ್ಥಿತಿ ಇನ್ನೊಂದು. ಮೊದಲನೆಯದು ಹುಟ್ಟಿನದು. ಎರಡನೆಯದರಲ್ಲಿ ಬಸ್ಸಿನ ಎತ್ತರದ ಮೆಟ್ಟಿಲಿದೆ, ಕುಕ್ಕುರುಗಾಲಲ್ಲೇ ಕೂರಬೇಕಾದ ಪಾಯಿಖಾನೆಯಿದೆ, ತಡವಾಗಿ ಬರುವ ಪಿಂಚಣಿಯಿದೆ. ಇವು ಯಾವ ಜನ್ಮದ ಕರ್ಮವೂ ಅಲ್ಲ, ಯಾವ ವಂಶವಾಹಿಯಲ್ಲೂ ಬರೆದಿಲ್ಲ.

ಬಸವಣ್ಣನವರು ದೇಹವನ್ನೇ ದೇಗುಲವಾಗಿ ಕಂಡರು. ಆ ಮಾತನ್ನು ನಂಬುವುದಾದರೆ, ಕಂಬ ವಾಲಿದ ದೇಗುಲವನ್ನು ಕಂಡಾಗ ಭಕ್ತರು ಏನು ಮಾಡುತ್ತಾರೆ ಎಂಬುದನ್ನೂ ನೆನೆಯಬೇಕು. ಕಂಬ ವಾಲಲು ಕಾರಣ ಹುಡುಕುತ್ತಾರೆ, ಸರಿಯೇ. ಅದಕ್ಕೆ ಮೊದಲು ಒಂದು ಊರೆಗೋಲು ಕೊಡುತ್ತಾರೆ. ಸೊಂಟದ ಬಟ್ಟಲು ಸವೆದದ್ದೇಕೆ ಎಂಬುದಕ್ಕೆ ಪ್ರಯೋಗಾಲಯ ಉತ್ತರಿಸಬಲ್ಲದು. ಮೆಟ್ಟುಗತ್ತಿಯ ಮುಂದೆ ನೆಲಕ್ಕೆ ಕೂರಲಾಗದವಳಿಗೆ ಕೂತು ಸುಲಿಯಲು ಎತ್ತರದ ಮಣೆಯೊಂದು ಇದೆಯೇ ಎಂಬುದನ್ನು ಪಕ್ಕದ ಮನೆಯವರೇ ಹೋಗಿ ನೋಡಬೇಕು.