ಮೌನದ ಮನೆಯಲ್ಲಿ ಮಾತಿನ ಕೆಲಸ

 

ಲಂಡನ್ನಿನ ಯೂಸ್ಟನ್ ರಸ್ತೆಯಲ್ಲಿ ಕ್ವೇಕರರ ಕಚೇರಿ ಇದೆ, ಹೆಸರು ಫ್ರೆಂಡ್ಸ್ ಹೌಸ್. ಪಾದ್ರಿಯಿಲ್ಲದೆ, ಸುಮ್ಮನೆ ಕೂತು ಆರಾಧಿಸುವ ಜನ ಅವರು. ಅಂಥವರಲ್ಲಿ ಪ್ರಚಾರದ ಕೆಲಸಕ್ಕೆ ಸೇರಿದವರು ಮೊದಲ ದಿನ ಏನು ಬರೆಯಬೇಕು? ಸಮ್ಮಾ ವಾಚಾ ಕಲಿಯುವ ನಮಗೂ ಇದು ಪ್ರಶ್ನೆಯೇ. ಸುಳ್ಳು ಬರೆಯಬಾರದು, ಅದು ಸುಲಭ. ಸಂಘವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸಬಾರದು, ಅದು ಕಷ್ಟ. (ಸಂಬಳ ಕೊಡುವುದೇ ಅದಕ್ಕಲ್ಲವೇ!)

17ನೇ ಶತಮಾನದ ಕ್ವೇಕರರು ನ್ಯಾಯಾಧೀಶರ ಮುಂದೆಯೂ ಟೋಪಿ ತೆಗೆಯಲಿಲ್ಲ. ದೊಡ್ಡವರನ್ನೂ ಏಕವಚನದಲ್ಲೇ ಮಾತಾಡಿಸಿದರು. ಜೈಲಿಗೂ ಹೋದರು. ಓದಿ ಸಂತೋಷವಾಯಿತು, ಕಸಿವಿಸಿಯೂ ಆಯಿತು. ನಮ್ಮಪ್ಪನನ್ನು ಊರಿನ ಚಿಕ್ಕ ಹುಡುಗರೂ 'ಏನೋ' ಅಂತಿದ್ದರು. ಅವರಿಗೆ ಏಕವಚನ ಸಮತೆಯಾದರೆ ನಮಗೆ ಬಹುವಚನ. ಮೌನವೂ ಹಾಗೆಯೇ: ಅವರದು ಆರಿಸಿಕೊಂಡದ್ದು, ನಮ್ಮದು ಹೇರಿದ್ದು. ಬಾಬಾಸಾಹೇಬರು 1920ರಲ್ಲಿ ತಮ್ಮ ಪತ್ರಿಕೆಗೆ 'ಮೂಕನಾಯಕ' ಎಂದು ಹೆಸರಿಟ್ಟದ್ದು ಸುಮ್ಮನೆಯಲ್ಲ.

ಹಾಗಾಗಿ ಆ ಹೊಸಬರು ಬರೆಯುವ ಮುನ್ನ ಅವರ ಜೊತೆ ಮೌನವಾಗಿ ಕೂರಲಿ. ಆ ಕೋಣೆಯಲ್ಲಿ ಯಾರು ಇಲ್ಲ ಎಂಬುದನ್ನೂ ನೋಡಲಿ, ಅದನ್ನೂ ಬರೆಯಲಿ. ಸಂಘದವರು ಅಚ್ಚು ಹಾಕುತ್ತಾರೋ ಇಲ್ಲವೋ. ನಮ್ಮ ವಿಹಾರದ ಭಾನುವಾರದ ವಂದನೆಗೆ ಯಾರು ಬರುತ್ತಿಲ್ಲವೆಂದು ನಮ್ಮ ಕರಪತ್ರದಲ್ಲಿ ನಾವು ಹಾಕಿದ್ದೇವೆಯೇ?