ಸೋಸುವ ಬಟ್ಟೆ ಮತ್ತು ಕಡಲಿನ ಬಲೆ

ಲಕ್ಷ್ಮೇಶ್ವರದ ಶಂಖ ಬಸದಿ ಭಗವಾನ್ ನೇಮಿನಾಥರದು. ಅವರ ಲಾಂಛನವೂ ಶಂಖವೇ. ಶಂಖವು ಎರಡು ಇಂದ್ರಿಯಗಳ ಜೀವಿಯೆಂಬುದನ್ನು ಕಡಲು ಕಾಣದ ಈ ಸೀಮೆಯ ಶ್ರಾವಕರೂ ಬಾಲ್ಯದಲ್ಲಿಯೇ ಕಲಿಯುತ್ತಾರೆ. ಅನೇಕ ಕಡಲ ಚಿಪ್ಪುಜೀವಿಗಳು ಮರಿಗಳಾಗಿದ್ದಾಗ ನೀರಿನೊಡನೆ ತೇಲುವ ಸೂಕ್ಷ್ಮಜೀವಿಗಳಾಗಿರುತ್ತವೆ. ಹೀಗೆ ತೇಲುವ ಸಸ್ಯ ಮತ್ತು ಪ್ರಾಣಿಗಳಿಗೆಲ್ಲ ಪ್ಲವಕ, ಅಂದರೆ ಪ್ಲಾಂಕ್ಟನ್, ಎಂದು ಹೆಸರು.

ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವು ಕಾರವಾರದಲ್ಲಿದೆ. ಗದಗ-ಬೆಟಗೇರಿಯ ಶ್ರಾವಕ ಮನೆತನದ ಮಗಳೊಬ್ಬಳು ಅಲ್ಲಿ ಓದಬಯಸಿದರೆ ಹಿರಿಯರ ಮುಂದೆ ಧರ್ಮಸಂಕಟವೊಂದು ಬಂದು ನಿಲ್ಲುತ್ತದೆ. ಪ್ಲವಕದ ಸಮೀಕ್ಷೆಯಲ್ಲಿ ಅತಿಸೂಕ್ಷ್ಮ ಕಣ್ಣುಗಳ ಬಲೆಯನ್ನು ದೋಣಿಯ ಹಿಂದೆ ಕೆಲವು ನಿಮಿಷ ಎಳೆಯುತ್ತಾರೆ. ಪ್ರಾಣಿಪ್ಲವಕಕ್ಕೆ ಆ ಕಣ್ಣು ಸಾಮಾನ್ಯವಾಗಿ 200 ಮೈಕ್ರಾನ್. ಹಾದುಹೋದ ನೀರನ್ನು ಬಲೆಯ ಬಾಯಿಯ ಮಾಪಕದಿಂದ ಅಳೆದು, ಸಿಕ್ಕ ಜೀವಗಳನ್ನು ಫಾರ್ಮಲಿನ್‌ನಲ್ಲಿರಿಸಿ, ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಫಾರ್ಮಲಿನ್ ಸೇರಿದ ಜೀವ ಉಳಿಯುವುದಿಲ್ಲ.

ಶ್ರಾವಕನ ಮನೆಯಲ್ಲಿಯೂ ನೀರು ಸೋಸುವ ಬಟ್ಟೆಯುಂಟು. ಅದರಲ್ಲಿ ಉಳಿದ ಜೀವಗಳನ್ನು ನೀರು ತಂದ ಬಾವಿಗೇ ಮೆಲ್ಲನೆ ಮರಳಿಸಬೇಕೆಂಬುದು ವಿಧಿ. ಅಲ್ಲಿ ಸೋಸುವುದು ಜೀವ ಉಳಿಸಲು. ಇಲ್ಲಿ ಸೋಸಿದ ಜೀವ ಹಿಂದಿರುಗುವುದಿಲ್ಲ. ಹಿರಿಯರ ಅಳುಕು ನಿರಾಧಾರವಲ್ಲ.

ಆದರೆ ಇನ್ನೊಂದು ಪಕ್ಷವೂ ಉಂಟು. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧಭಾಗ ಸಸ್ಯಪ್ಲವಕದ್ದು. ಕಡಲಿನ ಆಹಾರಕ್ಕೆ ಅದೇ ಬುನಾದಿ. ಕೊಳಚೆಯೂ ಹೊಲದ ಗೊಬ್ಬರವೂ ಕಡಲು ಸೇರಿದಾಗ ಅದು ಮಿತಿಮೀರಿ ಬೆಳೆದು ಕೊಳೆಯುತ್ತದೆ; ನೀರಿನ ಆಮ್ಲಜನಕ ಕುಂದಿ ಅಸಂಖ್ಯ ಜೀವಗಳು ಸಾಯುತ್ತವೆ. ಪ್ಲವಕದ ಎಣಿಕೆ ಆ ಕೇಡಿನ ಸುಳಿವು ಕೊಡುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಪ್ರಮಾದದೊಡನೆ ಜೋಡಿಸಿದ್ದಾರೆ. ಹಾಗೆಂದು ಉದ್ದೇಶ ಒಳಿತಾದ ಮಾತ್ರಕ್ಕೆ ಹೋದ ಜೀವ ಲೆಕ್ಕದಿಂದ ಅಳಿಸಿಹೋಗದು. ಖರ್ಚನ್ನು ಬರೆಯದ ವ್ಯಾಪಾರಿ ಲಾಭವನ್ನು ಹೇಳಿಕೊಳ್ಳಲಾರ. ಹಿಂದಿನವರ ದಾಖಲೆಯಿಂದಲೇ ಉತ್ತರ ದೊರೆಯುವಲ್ಲಿ ಬಲೆಯನ್ನು ಇಳಿಸಬಾರದು. ಇಳಿಸಿದರೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಎಳೆಯಬಾರದು. ಯಾರೂ ಎಣಿಸದೆ ಕಪಾಟಿನಲ್ಲಿ ಉಳಿದ ಒಂದೊಂದು ಸೀಸೆಯೂ ಪ್ರಮಾದವೇ. ಈ ಎಚ್ಚರವುಳ್ಳ ಗೃಹಸ್ಥೆಗೆ ಆ ವಿದ್ಯೆ ನಿಷಿದ್ಧವಾಗಲಾರದು. ನಿರ್ದೋಷವೆಂದೂ ಆಕೆ ಭಾವಿಸಲಾಗದು.

ಮಗಳನ್ನು ತಡೆಯುವ ಮುನ್ನ ಹಿರಿಯರು ತಮ್ಮ ಖಾತೆಯನ್ನೂ ತೆರೆದು ನೋಡಬೇಕು. ಶಿರಹಟ್ಟಿ, ಮುಂಡರಗಿ ಸೀಮೆಯ ಅಂಚಿನಲ್ಲಿ ಹರಿಯುವ ತುಂಗಭದ್ರೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಇಲ್ಲಿ ಅಳತೆಯಿಲ್ಲದೆ ಮಾರಿದ ಗೊಬ್ಬರ, ಹಳ್ಳಕ್ಕೆ ಬಿಟ್ಟ ಕೊಳಚೆ ಆ ನೀರನ್ನು ಸೇರಿದರೆ, ಬಲೆಯನ್ನೇ ಮುಟ್ಟದ ಕೈಗೂ ದೋಷ ತಗಲುತ್ತದೆ. ಬಲೆ ಹಿಡಿದವಳು ತಾನು ಕಳೆದ ಜೀವಗಳನ್ನು ಎಣಿಸುತ್ತಾಳೆ. ಅಂಗಡಿಯ ಗಾದಿಯ ಮೇಲೆ ಕುಳಿತವರು ಎಣಿಸುವುದು ಎಂದು?