ಕಿಟಕಿಗೆ ಕಾಣದ ಏರು

ನೆಲಮಂಗಲದಿಂದ ಕುಣಿಗಲ್ಲಿಗೆ ಹೋಗುವ ದಾರಿ ಇಳಿಜಾರು ಎಂಬುದು ನನಗೆ ಗೊತ್ತಾದದ್ದು ನಲವತ್ತೇಳನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಮೂವತ್ತು ವರ್ಷ ಅದೇ ದಾರಿಯಲ್ಲಿ ಊರಿಗೆ ಓಡಾಡಿದ್ದೇನೆ. ಹಬ್ಬಕ್ಕೆ, ತಿಥಿಗೆ, ಮದುವೆಗೆ, ಏನೂ ಇಲ್ಲದಿದ್ದರೆ ಅಮ್ಮನನ್ನು ನೋಡಿಕೊಂಡು ಬರಲಿಕ್ಕೆ. ನಮ್ಮೂರು ಚನ್ನರಾಯಪಟ್ಟಣದ ಕಡೆ. ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯುವುದು, ನೆಲಮಂಗಲ ದಾಟುತ್ತಲೇ ತೂಕಡಿಸುವುದು, ಯಡಿಯೂರಿನಲ್ಲಿ ಸೌತೆಕಾಯಿ ಮಾರುವವರ ಕೂಗಿಗೆ ಎಚ್ಚರಗೊಳ್ಳುವುದು, ಇದು ರೂಢಿ. ಆ ರಸ್ತೆ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ‘ಅಂಗೈ ಇದ್ದ ಹಾಗಿದೆ, ಪೂರಾ ಮಟ್ಟಸ’ ಎಂದೇ ಹೇಳಿರುತ್ತಿದ್ದೆ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಬೆಂಗಳೂರಿನ ಪಶ್ಚಿಮದ ತುದಿಯಲ್ಲಿ, ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟ ನಲವತ್ತು ಜನರ ನಡುವೆ ನಾನೂ ಸೈಕಲ್ ಹಿಡಿದು ನಿಂತಿದ್ದೆ. ಬೆಳ್ಳೂರು ಕ್ರಾಸಿನ ಆಸುಪಾಸಿನವರೆಗೆ ನೂರು ಕಿಲೋಮೀಟರ್, ಮತ್ತೆ ವಾಪಸು ನೂರು. ಅದಕ್ಕೆ ಮೊದಲು ನಾನು ಒಂದೇ ದಿನದಲ್ಲಿ ತುಳಿದಿದ್ದ ಅತಿ ಹೆಚ್ಚಿನ ದೂರ ಎಪ್ಪತ್ತೆರಡು. ಆವತ್ತು ಸಂಜೆ ಸೋಫಾದಿಂದ ಏಳಲು ಮಗಳ ಕೈ ಬೇಕಾಗಿತ್ತು.

ಈ ಬಗೆಯ ಸವಾರಿಗೆ ಬ್ರೆವೆ ಎಂದು ಹೆಸರು. ಹೆಸರೂ ಫ್ರೆಂಚರದು, ಕಾಯಿದೆಯೂ ಅವರದೇ. ಇನ್ನೂರು ಕಿಲೋಮೀಟರಿನದು ಎಲ್ಲಕ್ಕಿಂತ ಚಿಕ್ಕದು, 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಮುನ್ನೂರಕ್ಕೆ 20 ಗಂಟೆ, ನಾನೂರಕ್ಕೆ 27, ಆರುನೂರಕ್ಕೆ 40. ಹಿಂದೆ ಕಾರು ಬರುವಂತಿಲ್ಲ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲಿ ಕೂತು ಟ್ಯೂಬು ಬದಲಿಸಿಕೊಳ್ಳಬೇಕು. ನಡುನಡುವೆ ಕಂಟ್ರೋಲ್ ಎಂಬ ತಾಣಗಳಿರುತ್ತವೆ, ಅಲ್ಲಿ ನಮ್ಮ ಕಾರ್ಡಿಗೆ ಸೀಲು ಒತ್ತಿ ಹೊತ್ತು ಬರೆಯುತ್ತಾರೆ. ಮೊದಲು ಬಂದವರಿಗೆ ಬಹುಮಾನವಿಲ್ಲ, ಕೊನೆಗೆ ಬಂದವರಿಗೆ ಅವಮಾನವಿಲ್ಲ. ತೀರಾ ಬೇಗ ಬಂದರೂ ಕಂಟ್ರೋಲಿನ ಬಾಗಿಲು ತೆರೆದಿರುವುದಿಲ್ಲ. ಗಂಟೆಗೆ 34 ಕಿಲೋಮೀಟರಿಗಿಂತ ಜೋರಾಗಿ ಬರುವವರು ಸೀಲಿಗಾಗಿ ಕಾಯಬೇಕು. ಆತುರಗಾರರಿಗೂ ತಡೆಯೊಡ್ಡಿದ ಈ ಕಾಯಿದೆಯ ಮೇಲೆ ನನಗೆ ಮೊದಲ ಓದಿನಲ್ಲೇ ಮನಸ್ಸಾಯಿತು. ಅದು ನನಗೆ ಲಾಗೂ ಆಗುವ ಸಂಭವವಂತೂ ಇರಲಿಲ್ಲ.

ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಗಂಟೆಗೆ ಹದಿನೈದರಂತೆ ಇನ್ನೂರು ಕಿಲೋಮೀಟರಿಗೆ ಲೆಕ್ಕ ಹಾಕಿದರೆ 13 ಗಂಟೆ 20 ನಿಮಿಷ ಬರುತ್ತದೆ. ಕೊಡುವುದು ಹದಿಮೂರೂವರೆ. ಭಾಗಾಕಾರಕ್ಕೆ ಸಿಗದ ಆ ಹತ್ತು ನಿಮಿಷ ನನ್ನ ಪಾಲಿಗೆ ತರಕಾರಿಯವಳು ತೂಕವಾದ ಮೇಲೆ ಚೀಲಕ್ಕೆ ಹಾಕುವ ಕೊಸರು ಇದ್ದ ಹಾಗೆ.

ಇದೆಲ್ಲದರ ಬೇರು 1891ರಲ್ಲಿದೆ. ಆ ವರ್ಷ ಪ್ಯಾರಿಸ್ಸಿನ ಒಂದು ಪತ್ರಿಕೆಯ ಸಂಪಾದಕ ಪಿಯೆರ್ ಜಿಫಾರ್, ಪ್ಯಾರಿಸ್ಸಿನಿಂದ ಅಟ್ಲಾಂಟಿಕ್ ದಂಡೆಯ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರಿನ ಸೈಕಲ್ ಪಂದ್ಯ ಏರ್ಪಡಿಸಿದ. ಗೆದ್ದ ಶಾರ್ಲ್ ತೆರೋಂ ನಿದ್ದೆಯನ್ನೇ ಮಾಡದೆ ಸುಮಾರು 71 ಗಂಟೆ ತುಳಿದ. ಪಂದ್ಯ ಯಾವತ್ತೋ ನಿಂತಿತು, ದಾರಿ ಉಳಿಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ, 90 ಗಂಟೆಯ ಗಡುವಿನಲ್ಲಿ, ಲೋಕದ ನಾನಾ ಕಡೆಯ ಸಾಮಾನ್ಯರು ಅದನ್ನು ತುಳಿಯುತ್ತಾರೆ. 1904ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬು 1921ರಿಂದ ಇಂಥ ಸವಾರಿಗಳಿಗೆ ಮುದ್ರೆ ಹಾಕುತ್ತಿದೆ. ಯಡಿಯೂರಿನ ದಾರಿಯಲ್ಲಿ ಬೆವರಿ ಬಂದವನ ಹೆಸರೂ ಅಲ್ಲಿಯವರೆಗೆ ಹೋಗಿ, ಒಂದು ನಂಬರು ಹೊತ್ತು ಮರಳುತ್ತದೆ.

ಸೈಕಲ್ ನನಗೇನೂ ಹೊಸದಲ್ಲ. ಅಪ್ಪನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವರ ಪೈಕಿ ನಾನು. ಮೊಣಕಾಲಿನ ಗಾಯದ ಕಲೆ ಇನ್ನೂ ಇದೆ. ಆದರೆ ಊರಿನಲ್ಲಿ ಸೈಕಲ್ ಎಂದರೆ ಹಾಲಿನ ಕ್ಯಾನು, ಹಿಟ್ಟಿನ ಗಿರಣಿ, ಹೈಸ್ಕೂಲು. ಎಲ್ಲಿಗೂ ಹೋಗಲಿಕ್ಕಲ್ಲದೆ ಸೈಕಲ್ ಹೊಡೆಯುತ್ತಾರೆ ಎಂದರೆ ಅಪ್ಪ ನಂಬುತ್ತಿರಲಿಲ್ಲ.

ನೆಲಮಂಗಲ ದಾಟಿ ಬಲಕ್ಕೆ ತುಮಕೂರು ರಸ್ತೆಯನ್ನು ಬಿಟ್ಟ ಮೇಲೆ ಸೈಕಲ್ ತಾನೇ ಓಡತೊಡಗಿತು. ಪೆಡಲು ನಿಲ್ಲಿಸಿದರೂ ಓಟ ನಿಲ್ಲದು. ಹ್ಯಾಂಡಲ್ಲಿನ ಪುಟ್ಟ ಮೀಟರು ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು ತೋರಿಸುತ್ತಿತ್ತು. ನನ್ನ ಕಾಲುಗಳಲ್ಲಿ ಇಷ್ಟು ಕಸುವಿತ್ತೇ ಎಂದು ಒಳಗೊಳಗೇ ಬೀಗಿದೆ. ಪಕ್ಕಕ್ಕೆ ಬಂದ ಹಳೆಯ ಹುಲಿಯೊಬ್ಬರು (ಅರವತ್ತು ದಾಟಿದವರು) ನನ್ನ ಮುಖ ನೋಡಿ ನಕ್ಕರು. ‘ಬರುವಾಗ ಇದೇ ದಾರಿ, ನೆನಪಿರಲಿ’ ಎಂದಷ್ಟೇ ಹೇಳಿ ಮುಂದೆ ಹೋದರು.

ಮಾತು ಅರ್ಥವಾದದ್ದು ಕುಣಿಗಲ್ ಕೆರೆ ಕಂಡಾಗ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಕುಣಿಗಲ್ಲು ಸುಮಾರು 770. ಎಂದರೆ ಬೆಳಗಿನ ತಿಂಡಿಗೆ ಮುಂಚೆ ನಾನು ಐವತ್ತು ಅಂತಸ್ತಿನ ಕಟ್ಟಡದಿಂದ ಇಳಿದು ಬಂದಿದ್ದೆ. ಮೂವತ್ತು ವರ್ಷ ಪ್ರತಿ ಸಲ ಇಳಿದಿದ್ದೇನೆ, ಪ್ರತಿ ಸಲ ಹತ್ತಿದ್ದೇನೆ, ಒಮ್ಮೆಯೂ ತಿಳಿಯಲಿಲ್ಲ. ಜನಪದರು ಹಾಡು ಕಟ್ಟಿದ ಆ ಕೆರೆಯ ಏರಿಯನ್ನು ಕಟ್ಟಿದವರಿಗೆ ಮಾತ್ರ ಅದು ತಿಳಿದಿತ್ತು. ಯಾವ ಅಳತೆಯ ಯಂತ್ರವೂ ಇಲ್ಲದೆ, ಮಳೆಯ ನೀರು ಯಾವ ಕಡೆಯಿಂದ ಇಳಿದು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ನೋಡಿಯೇ ಅವರು ಮಣ್ಣು ಹೊತ್ತಿರಬೇಕು. ಗಾಡಿಯ ಎತ್ತುಗಳಿಗೂ ತಿಳಿದಿತ್ತು. ಹೊಂಗೆಯ ನೆರಳಿನಲ್ಲಿ ನೊಗ ಇಳಿಸಿ ಎಲ್ಲೆಲ್ಲಿ ದಣಿವಾರಿಸಿಕೊಳ್ಳಬೇಕು ಎಂದು ಅವು ಗಾಡಿ ಹೊಡೆಯುವವನಿಗೇ ಕಲಿಸಿರಬಹುದು. ನನಗೂ ನನ್ನ ಬಸ್ಸಿಗೂ ಮಾತ್ರ ಅದು ಗೊತ್ತಾಗಲಿಲ್ಲ. ಎಂಜಿನ್ನು ದೂರವನ್ನು ಕಡಿಮೆ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ನೆಲವನ್ನೇ ಇಸ್ತ್ರಿ ಮಾಡಿಬಿಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಲ್ಲೇ ಕುದುರೆ ಫಾರಮ್ಮು. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ, ಆಮೇಲೆ ರೇಸಿನ ಕುದುರೆಗಳ ತವರು. ತಟ್ಟೆ ಇಡ್ಲಿ ತಿನ್ನುತ್ತಾ ಒಂದು ಲೆಕ್ಕ ಹೊಳೆಯಿತು. ಒಂದು ಕುದುರೆಬಲ ಎಂದರೆ ಸುಮಾರು 746 ವ್ಯಾಟ್. ನನ್ನಂಥವನು ಇಡೀ ದಿನ ಬಿಡದೆ ಕೊಡಬಲ್ಲದ್ದು ಹೆಚ್ಚೆಂದರೆ ಅದರ ಎಂಟರಲ್ಲೊಂದು ಪಾಲು, ಹಳೆಯ ಕಾಲದ ನೂರು ವ್ಯಾಟಿನ ಬಲ್ಬು ಕೂಡ ಪೂರ್ತಿ ಉರಿಯದಷ್ಟು. ಬಸ್ಸಿನ ಹೊಟ್ಟೆಯಲ್ಲಿ ನೂರಕ್ಕೂ ಹೆಚ್ಚು ಕುದುರೆಗಳಿವೆ. ಅವು ದಿಬ್ಬವನ್ನು ತಿಂದು ಹಾಕುವುದರಲ್ಲಿ ಏನು ಆಶ್ಚರ್ಯ? ಮಂಕು ಬಲ್ಬಿನಷ್ಟು ಶಕ್ತಿಯಲ್ಲಿ ಒಬ್ಬ ಮನುಷ್ಯ ಇನ್ನೂರು ಕಿಲೋಮೀಟರ್ ಹೋಗಬಲ್ಲನಲ್ಲ, ಬೆರಗು ಇರುವುದು ಅಲ್ಲಿ. ಅದೇ ದೂರವನ್ನು ನಡೆಯಲು ಬೇಕಾಗುವ ಶಕ್ತಿಯ ಐದನೇ ಒಂದು ಪಾಲು ಸೈಕಲ್ಲಿಗೆ ಸಾಕಂತೆ. ಎರಡು ಚಕ್ರ, ಒಂದು ಚೈನು, ಒಂದಿಷ್ಟು ಗುಂಡು ಬೇರಿಂಗು. ಇದಕ್ಕಿಂತ ಜಾಣ ಯಂತ್ರವನ್ನು ಆಮೇಲೆ ಯಾರೂ ಮಾಡಿಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. ವಾದಕ್ಕೆ ಬರುವವರು ಒಂದು ಏರು ಹತ್ತಿ ಬರಲಿ.

ಯಡಿಯೂರು ಹತ್ತಿರವಾಗುತ್ತಿದ್ದಂತೆ ರಸ್ತೆಯ ಎಡಗಡೆ ಸಾಲುಸಾಲಾಗಿ ಜನ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರು. ಹೆಗಲಿಗೆ ಚೀಲ, ತಲೆಗೆ ಟವೆಲು, ಕೆಲವರು ಬರಿಗಾಲು. ಬೆಂಗಳೂರಿನಿಂದ ಸುಮಾರು ಮುನ್ನೂರು ಕಿಲೋಮೀಟರ್, ಕೊನೆಗೆ ಚಾರ್ಮಾಡಿ ಘಾಟಿ. ನೀರು ತುಂಬಿಸಿಕೊಳ್ಳಲು ನಿಂತಾಗ ಅವರಲ್ಲೊಬ್ಬ ಅಜ್ಜಿ ನನ್ನ ಹೆಲ್ಮೆಟ್ಟಿನಿಂದ ಶೂವರೆಗೆ ಕಣ್ಣಾಡಿಸಿದರು.

‘ಎಲ್ಲಿಗಪ್ಪಾ, ಧರ್ಮಸ್ಥಳಕ್ಕಾ?’

‘ಇಲ್ಲ ಅಜ್ಜಿ. ಇಲ್ಲೇ ಬೆಳ್ಳೂರು ಕ್ರಾಸ್‌ವರೆಗೆ ಹೋಗಿ ವಾಪಸ್ ಬರೋದು.’

‘ಅಲ್ಲೇನೈತೆ?’

‘ಏನಿಲ್ಲ. ಒಂದು ಸೀಲು ಹಾಕ್ತಾರೆ.’

ಅಜ್ಜಿ ಬೊಚ್ಚು ಬಾಯಿ ತುಂಬ ನಕ್ಕರು. ‘ಸೀಲಿಗೆ ಇಷ್ಟು ದೂರ ತಿರುಗುಸ್ತಾರಾ? ನಮ್ ತಾಲ್ಲೂಕಾಫೀಸೇ ವಾಸಿ ಬಿಡು.’

ಅಲ್ಲಿಂದ ಮುಂದೆ ನಾನು ಅವರನ್ನು ಲೆಕ್ಕ ಹಾಕತೊಡಗಿದೆ. ನನ್ನ ಒಂದು ಗಂಟೆ ಅವರ ಅರ್ಧ ದಿನ. ಅವರಿಗೆ ಕಾರ್ಡಿಲ್ಲ, ಗಡುವಿಲ್ಲ, ಪ್ಯಾರಿಸ್ಸಿನಿಂದ ಬರುವ ನಂಬರಿಲ್ಲ. ಆದರೆ ಹತ್ತು ಹೆಜ್ಜೆಗೊಂದು ಕಡೆ ಅವರಿಗಾಗಿ ಶಾಮಿಯಾನ. ಊರವರು ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು ಹಿಡಿದು ನಿಂತಿದ್ದರು. ಪ್ಯಾರಿಸ್–ಬ್ರೆಸ್ಟ್ ದಾರಿಯಲ್ಲೂ ಹಳ್ಳಿಯವರು ಮನೆ ಮುಂದೆ ಮೇಜು ಹಾಕಿ, ನಡುರಾತ್ರಿಯಲ್ಲೂ ಸವಾರರಿಗೆ ಕಾಫಿ, ನೀರು ಕೊಡುತ್ತಾರೆ ಎಂದು ಹೋಗಿ ಬಂದವರು ಹೇಳುವುದನ್ನು ಕೇಳಿದ್ದೆ. ತಮ್ಮ ಮನೆಯ ಮುಂದೆ ಯಾರೋ ಗುರುತಿಲ್ಲದವರು ದಣಿದು ಹೋಗುತ್ತಿದ್ದರೆ ಒಳಗೆ ಸುಮ್ಮನೆ ಕೂರಲು ಯಾವ ದೇಶದವರಿಗೂ ಆಗುವುದಿಲ್ಲವೋ ಏನೋ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸೀಲು ಬಿತ್ತು. ಪುಟ್ಟ ನೀಲಿ ಸೀಲು, ಅರ್ಧ ಮಾತ್ರ ಮೂಡಿತ್ತು. ಅಮ್ಮನಿಗೆ ಫೋನು ಮಾಡಿದೆ. ಸೈಕಲ್ಲಿನಲ್ಲಿ ಎಂದಾಗ ಅವಳಿಗೇನೂ ಆಶ್ಚರ್ಯವಾದಂತಿರಲಿಲ್ಲ. ‘ಬೆಳ್ಳೂರು ಕ್ರಾಸ್‌ವರೆಗೆ ಬಂದು ಮನೆಗೆ ಬರದೇ ಹೋಗ್ತೀಯಾ?’ ಎಂದಳು. ಇನ್ನು ನಲವತ್ತು ಕಿಲೋಮೀಟರಿನಷ್ಟು ದೂರ. ಕಾಯಿದೆ, ಗಡುವು, ಕಾರ್ಡು ಎಂದೆಲ್ಲ ವಿವರಿಸಿದೆ. ‘ಅವರೆಕಾಳು ಹುಳಿ ಮಾಡಿದ್ದೆ’ ಎಂದು ಫೋನಿಟ್ಟಳು. ಆ ದಿನದ ಅತಿ ಕಷ್ಟದ ತಿರುವು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಸೈಕಲ್ಲನ್ನು ಬೆಂಗಳೂರಿನ ಕಡೆಗೆ ತಿರುಗಿಸಿದ ಆ ತಿರುವನ್ನೇ ಹೇಳುತ್ತೇನೆ.

ತಿರುಗಿಸಿದ್ದೇ ತಡ, ಗಾಳಿ ಎದುರಾಯಿತು. ಮಾಘದ ಕೊನೆಗೆ ನಮ್ಮ ಬಯಲಿನಲ್ಲಿ ಬೀಸುವುದು ಮೂಡಣದ ಗಾಳಿ. ಬೆಳಿಗ್ಗೆ ಅದು ಬೆನ್ನಿಗಿತ್ತು, ಹಾಗಾಗಿ ಇದ್ದದ್ದೇ ಗೊತ್ತಾಗಿರಲಿಲ್ಲ. ಇಳಿಜಾರು, ಬೆನ್ನ ಗಾಳಿ, ಬೆಳಗಿನ ತಂಪು ಮೂರನ್ನೂ ಒಟ್ಟು ಸೇರಿಸಿ ನನ್ನ ಕಸುವು ಎಂದುಕೊಂಡಿದ್ದೆನಲ್ಲ! ಒಂದೊಂದಾಗಿ ಮೂರೂ ತಮ್ಮ ಪಾಲನ್ನು ಹಿಂದಕ್ಕೆ ಕೇಳತೊಡಗಿದವು. ಕುಣಿಗಲ್ ದಾಟುವ ಹೊತ್ತಿಗೆ ಎರಡೂ ಕೈಗಳ ಕಿರುಬೆರಳು ಜೋಮು ಹಿಡಿದಿದ್ದವು, ಸೀಟಿನ ಮಾತು ಬೇಡವೇ ಬೇಡ.

ನೂರೈವತ್ತನೇ ಕಿಲೋಮೀಟರಿನ ಸುಮಾರಿಗೆ ದೀಪ ಆರಿತು. ಸವಾರರು ಇದಕ್ಕೆ ಬಾಂಕ್ ಎನ್ನುತ್ತಾರೆ. ನಮ್ಮ ಸ್ನಾಯುಗಳಲ್ಲೂ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲೂ ಕೂಡಿಟ್ಟ ಸಕ್ಕರೆ ಒಟ್ಟು ಅರ್ಧ ಕಿಲೋ ಸುತ್ತಮುತ್ತ. ಅದು ಬರಿದಾದರೆ ಕೊಬ್ಬು ಎಷ್ಟೇ ಇದ್ದರೂ ದೇಹ ಅದನ್ನು ಬೇಕಾದಷ್ಟು ಬೇಗ ಕರಗಿಸಿಕೊಡಲಾರದು. ನನ್ನ ಬಳಿ ಕೊಬ್ಬಿಗೇನೂ ಬರವಿರಲಿಲ್ಲ. ಬೇಜಾರಿನಲ್ಲಿ ಮಧ್ಯಾಹ್ನದ ಊಟ ಬಿಟ್ಟಿದ್ದೆ. ಕಣ್ಣ ಮುಂದೆ ಮಂಜು. ಮೀಟರಿನ ಅಂಕಿ ಓದುತ್ತೇನೆ, ಅರ್ಥವಾಗುವುದಿಲ್ಲ. ಅತ್ತುಬಿಡಬೇಕು ಎನ್ನಿಸಿತು, ಯಾಕೆಂದು ತಿಳಿಯಲಿಲ್ಲ. ಒಂದು ಹುಣಸೆ ಮರದ ಬುಡದಲ್ಲಿ ಸೈಕಲ್ ಮಲಗಿಸಿ ನಾನೂ ಕೂತೆ.

ಎದುರುಗಡೆಯಿಂದ ಇನ್ನೊಂದು ತಂಡ ನಡೆದು ಬರುತ್ತಿತ್ತು. ಹೈಸ್ಕೂಲು ಹುಡುಗನೊಬ್ಬ ಏನೂ ಕೇಳದೆ ತನ್ನ ಚೀಲದಿಂದ ಬೆಲ್ಲದ ಉಂಡೆಯೊಂದನ್ನು ತೆಗೆದು ನನ್ನ ಅಂಗೈಗಿಟ್ಟ. ಹಿಂದೆ ಬಂದವರು ಎರಡು ಬಾಳೆಹಣ್ಣು ಕೊಟ್ಟರು. ಆಮೇಲೆ ಮನೆಯಲ್ಲಿ ಲೆಕ್ಕ ಹಾಕಿ ನೋಡಿದೆ: ನನ್ನನ್ನೂ ನನ್ನ ಸೈಕಲ್ಲನ್ನೂ ಕುಣಿಗಲ್ಲಿನ ಮಟ್ಟದಿಂದ ಬೆಂಗಳೂರಿನ ಮಟ್ಟಕ್ಕೆ ಎತ್ತಲು ಬೇಕಾಗುವುದು ಬರೀ ಒಂದೂವರೆ ಪಚ್ಚಬಾಳೆಯ ಶಕ್ತಿ. ಉಳಿದದ್ದರಲ್ಲಿ ಹೆಚ್ಚಿನದೆಲ್ಲ ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೆ. ಐವತ್ತು ಅಂತಸ್ತಿನ ಏರಿಗೆ ಒಂದೂವರೆ ಬಾಳೆಹಣ್ಣು! ಆ ಗಳಿಗೆಯಲ್ಲಿ ಅದೇ ನನ್ನೊಳಗೆ ಇರಲಿಲ್ಲ. ತಿಂದ ಹತ್ತು ನಿಮಿಷಕ್ಕೆ ಮರದ ಎಲೆಗಳು ಒಂದೊಂದಾಗಿ ಕಾಣಿಸತೊಡಗಿದವು. ಹುಣಸೆಯ ಎಲೆ ಅಷ್ಟು ಚಿಕ್ಕದು, ಅಷ್ಟು ಒಪ್ಪವಾಗಿ ಎದುರುಬದುರು ಜೋಡಿಸಿಕೊಂಡದ್ದು ಎಂದು ನಾನು ಯಾವತ್ತು ನೋಡಿದ್ದೆ?

ಉಳಿದ ದಾರಿಯನ್ನು ಹತ್ತಿದೆ. ಹೇಗೆ ಎಂದು ಕೇಳಿದರೆ ಹೇಳಲು ಹೆಚ್ಚೇನಿಲ್ಲ, ಎಲ್ಲಕ್ಕಿಂತ ಹಗುರದ ಗೇರಿನಲ್ಲಿ. ಕತ್ತಲಾದ ಮೇಲೆ ಎದುರಿನಿಂದ ಟಾರ್ಚುಗಳ ಸಾಲು ಬರುತ್ತಲೇ ಇತ್ತು. ಬಿಸಿಲು ತಪ್ಪಿಸಿಕೊಂಡು ರಾತ್ರಿ ನಡೆಯುವವರು. ನನ್ನ ದೀಪ ಅವರ ಮುಖಕ್ಕೆ ಬಿದ್ದಾಗ ಕೈ ಎತ್ತುತ್ತಿದ್ದರು, ನಾನೂ ಎತ್ತುತ್ತಿದ್ದೆ. ಏಳು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಕೊನೆಯ ಸೀಲು. 13 ಗಂಟೆ 22 ನಿಮಿಷ. ಕೊಸರಿನಲ್ಲಿ ಎರಡು ನಿಮಿಷವನ್ನು ನಾನು ಖರ್ಚು ಮಾಡಿದ್ದೆ.

ಮುಂದಿನ ವಾರ ಅಮ್ಮನನ್ನು ನೋಡಲು ಹೊರಟೆ, ಬಸ್ಸಿನಲ್ಲಿ. ಈ ಸಲ ನಿದ್ದೆ ಮಾಡಬಾರದು, ಆ ಹುಣಸೆ ಮರವನ್ನು, ಕಾಡಿದ ಆ ಏರನ್ನು ಕಿಟಕಿಯಿಂದ ಗುರುತು ಹಿಡಿಯಬೇಕು ಎಂದುಕೊಂಡೆ. ಮರಗಳು ಸರಸರನೆ ಹಿಂದಕ್ಕೆ ಹೋದವು. ರಸ್ತೆ ಮೊದಲಿನ ಹಾಗೆಯೇ ಅಂಗೈಯಷ್ಟು ಮಟ್ಟಸ. ಎಷ್ಟು ಇಣುಕಿದರೂ ಇಳಿಜಾರು ಕಾಣಲಿಲ್ಲ. ಮೂರನೇ ದಿನ ಮರಳಿ ಬರುವಾಗ ಡಬ್ಬಿಯ ತುಂಬ ಅವರೆಕಾಳು ಹುಳಿ ತೊಡೆಯ ಮೇಲಿತ್ತು, ಕಣ್ಣು ಎಳೆಯುತ್ತಿತ್ತು. ಕುಣಿಗಲ್ ಕಳೆದು ಎಲ್ಲೋ ಒಂದು ಕಡೆ ಡ್ರೈವರು ಗೇರು ಇಳಿಸಿದ, ಎಂಜಿನ್ನಿನ ದನಿ ಒಂದಿಷ್ಟು ದಪ್ಪವಾಯಿತು. ಡಬ್ಬಿಯ ಕೆಳಗೆ ನನ್ನ ತೊಡೆಯ ಸ್ನಾಯು ತನ್ನಷ್ಟಕ್ಕೆ ತಾನೇ ಬಿಗಿಯಿತು.